ಈಥರುಗಳ ಮರುಜೋಡಣೆ ಕ್ರಿಯೆಗಳು

ಎರಡು ಇಂಗಾಲಗಳ ನಡುವೆ ಒಂದು ಆಮ್ಲಜನಕ ಕೂತಿದ್ದರೆ ಆ ಸಂಯುಕ್ತಕ್ಕೆ ಈಥರ್ ಎಂದು ಹೆಸರು. ಸಾವಯವ ರಸಾಯನದಲ್ಲಿ ಈಥರುಗಳು ಸಾಧು ಜಾತಿ. ಕ್ಷಾರ ಹಾಕಿದರೂ ಸಾಮಾನ್ಯವಾಗಿ ಜಗ್ಗುವುದಿಲ್ಲ, ಬಹುಪಾಲು ಕಾರಕಗಳ ಜೊತೆ ತಕರಾರಿಲ್ಲದೆ ಇರುತ್ತವೆ. ಡೈಈಥೈಲ್ ಈಥರ್, ಟೆಟ್ರಾಹೈಡ್ರೊಫ್ಯೂರಾನ್ ಮೊದಲಾದವು ಪ್ರಯೋಗಾಲಯದಲ್ಲಿ ದಿನನಿತ್ಯದ ದ್ರಾವಕಗಳಾಗಿರುವುದು ಇದೇ ಗುಣದಿಂದ. ಆದರೆ ಆಮ್ಲಜನಕದ ಆಚೀಚೆ ಸರಿಯಾದ ಜಾಗದಲ್ಲಿ ದ್ವಿಬಂಧಗಳಿದ್ದರೆ, ಅಥವಾ ಆಮ್ಲಜನಕವೇ ಮೂರು ಪರಮಾಣುಗಳ ಬಿಗಿಯಾದ ಉಂಗುರದಲ್ಲಿ ಸಿಕ್ಕಿಕೊಂಡಿದ್ದರೆ, ಈ ಸಾಧು ಅಣು ತನ್ನ ಒಳಗಿನ ಜೋಡಣೆಯನ್ನೇ ಬದಲಿಸಿಕೊಳ್ಳುತ್ತದೆ. ಹೊರಗಿನಿಂದ ಒಂದು ಪರಮಾಣುವೂ ಬರುವುದಿಲ್ಲ, ಒಳಗಿನದು ಒಂದೂ ಹೋಗುವುದಿಲ್ಲ. ಇಂಗಾಲ–ಆಮ್ಲಜನಕ ಬಂಧವೊಂದು ಕಳಚುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಅದರ ಬದಲಿಗೆ ಇಂಗಾಲ–ಇಂಗಾಲ ಬಂಧವೊಂದು ಕೂಡಿಕೊಳ್ಳುತ್ತದೆ. ಈ ವಿನಿಮಯವೇ ಈಥರ್ ಮರುಜೋಡಣೆ.

ಈ ವಿನಿಮಯಕ್ಕೆ ಇಷ್ಟು ಬೆಲೆ ಯಾಕೆ? ಔಷಧ, ವಿಟಮಿನ್, ಸುಗಂಧದ್ರವ್ಯ ಯಾವುದನ್ನೇ ಕಟ್ಟಬೇಕಾದರೂ ಇಂಗಾಲಕ್ಕೆ ಇಂಗಾಲ ಬೆಸೆಯುವುದೇ ಕಷ್ಟದ ಕೆಲಸ. ಇಂಗಾಲವನ್ನು ಆಮ್ಲಜನಕಕ್ಕೆ ಕಟ್ಟುವುದು ಅದಕ್ಕಿಂತ ಸುಲಭ. ಸುಲಭವಾದ ಬಂಧವನ್ನು ಮೊದಲು ಕಟ್ಟಿ, ಆಮೇಲೆ ಅದನ್ನು ಕಷ್ಟದ ಬಂಧವನ್ನಾಗಿ ಮಾರ್ಪಡಿಸಿಕೊಳ್ಳುವ ದಾರಿ ಇದು. ಬೆಂಗಳೂರಿನ ತುಮಕೂರು ರಸ್ತೆಯ ಉದ್ದಕ್ಕೂ, ಇತ್ತ ಬೊಮ್ಮಸಂದ್ರ–ಎಲೆಕ್ಟ್ರಾನಿಕ್ ಸಿಟಿಯ ಪಟ್ಟಿಯಲ್ಲಿ ನಡೆಯುವ ರಸಾಯನದ ಕೆಲಸಕ್ಕೂ ಈ ಕ್ರಿಯೆಗಳಿಗೂ ಹತ್ತಿರದ ನಂಟಿದೆ. ಆ ನಂಟಿನ ಒಂದು ಎಳೆ ಶ್ರೀಗಂಧದ ಪರಿಮಳ.

ಈ ವರ್ಗದಲ್ಲಿ ಅತಿ ಹೆಸರಾದದ್ದು ಕ್ಲೈಸನ್ ಮರುಜೋಡಣೆ. ಜರ್ಮನಿಯ ರಸಾಯನವಿಜ್ಞಾನಿ ಲುಡ್ವಿಗ್ ಕ್ಲೈಸನ್ (1851–1930) ಇದನ್ನು 1912ರಲ್ಲಿ ಪ್ರಕಟಿಸಿದರು. ಆ ಹೊತ್ತಿಗೆ ಅವರು ವಿಶ್ವವಿದ್ಯಾಲಯದ ಹುದ್ದೆ ಬಿಟ್ಟು ಗೋಡೆಸ್‌ಬರ್ಗ್‌ನಲ್ಲಿ ತಮ್ಮದೇ ಖಾಸಗಿ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಫೀನಾಲ್‌ನ ಆಮ್ಲಜನಕಕ್ಕೆ ಅಲೈಲ್ ಗುಂಪು, ಅಂದರೆ ತುದಿಯಲ್ಲಿ ದ್ವಿಬಂಧವಿರುವ ಮೂರು ಇಂಗಾಲಗಳ ಸರಪಳಿ, ಸೇರಿದ್ದರೆ ಅದು ಅಲೈಲ್ ಫಿನೈಲ್ ಈಥರ್. ಇದನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಅಲೈಲ್ ಗುಂಪು ಆಮ್ಲಜನಕವನ್ನು ಬಿಟ್ಟು ಬೆಂಜೀನ್ ಉಂಗುರದ ಪಕ್ಕದ ಇಂಗಾಲಕ್ಕೆ ಹೋಗಿ ಕೂಡಿಕೊಳ್ಳುತ್ತದೆ. ಸಿಗುವುದು 2-ಅಲೈಲ್‌ಫೀನಾಲ್. ಆಮ್ಲ ಬೇಡ, ಕ್ಷಾರ ಬೇಡ, ವೇಗವರ್ಧಕವೂ ಬೇಡ, ಶಾಖವೊಂದಿದ್ದರೆ ಸಾಕು.

ಅಲೈಲ್ ಗುಂಪು ಕಳಚಿ, ಸ್ವಲ್ಪ ಹೊತ್ತು ಸ್ವತಂತ್ರವಾಗಿ ಅಲೆದು, ಆಮೇಲೆ ಉಂಗುರವನ್ನು ಹಿಡಿಯುತ್ತದೆಯೇ? ಇದೇ ಮೊದಲ ಪ್ರಶ್ನೆಯಾಗಿತ್ತು. 1937ರಲ್ಲಿ ಅಮೆರಿಕದ ಹರ್ಡ್ ಮತ್ತು ಶ್ಮರ್ಲಿಂಗ್ ಇದಕ್ಕೊಂದು ನೇರವಾದ ಪರೀಕ್ಷೆ ಇಟ್ಟರು. ಬೇರೆ ಬೇರೆ ಗುಂಪುಗಳಿರುವ ಎರಡು ಈಥರುಗಳನ್ನು ಒಂದೇ ಪಾತ್ರೆಯಲ್ಲಿ ಕಾಯಿಸಿದರು. ಗುಂಪುಗಳು ಅಲೆಯುವುದಾದರೆ ಒಂದರ ಗುಂಪು ಇನ್ನೊಂದರ ಉಂಗುರಕ್ಕೆ ಸೇರಿದ ಮಿಶ್ರ ಪದಾರ್ಥಗಳು ಸಿಗಬೇಕಿತ್ತು. ಸಿಗಲಿಲ್ಲ. ಪ್ರತಿಯೊಂದು ಅಣುವೂ ತನ್ನ ಮನೆಯೊಳಗೇ ವ್ಯವಹಾರ ಮುಗಿಸಿಕೊಂಡಿತ್ತು.

ಎರಡನೆಯ ಸುಳಿವು 1950ರ ದಶಕದ ಆರಂಭದಲ್ಲಿ ವಿಕಿರಣಶೀಲ ಇಂಗಾಲದಿಂದ ಬಂತು. ಅಲೈಲ್ ಸರಪಳಿಯ ಒಂದು ತುದಿಗೆ ಇಂಗಾಲ-14ರ ಗುರುತು ಹಾಕಿ ನೋಡಿದಾಗ, ಆಮ್ಲಜನಕದಿಂದ ಅತಿ ದೂರದಲ್ಲಿದ್ದ ಇಂಗಾಲವೇ ಉಂಗುರಕ್ಕೆ ಅಂಟಿಕೊಂಡಿರುವುದು ಕಂಡಿತು. ಸರಪಳಿ ತಿರುವುಮುರುವಾಗಿಯೇ ಸೇರುತ್ತದೆ. ಆಮ್ಲಜನಕವೂ ಸೇರಿ ಆರು ಪರಮಾಣುಗಳು ಕ್ಷಣಕಾಲ ಒಂದು ಉಂಗುರವಾಗಿ ನಿಲ್ಲುತ್ತವೆ. ಕೋಲಾಟದಲ್ಲಿ ಒಂದು ಜೊತೆಯ ಕೋಲು ಬೇರ್ಪಡುವ ತಾಳಕ್ಕೇ ಇನ್ನೊಂದು ಜೊತೆಯ ಕೋಲು ಕೂಡುವಂತೆ, ಒಂದು ಕಡೆ ಬಂಧ ಸಡಿಲವಾಗುತ್ತಿರುವಾಗಲೇ ಇನ್ನೊಂದು ಕಡೆ ಬಂಧ ಬಿಗಿಯುತ್ತದೆ, ನಡುವಿನ ದ್ವಿಬಂಧಗಳು ಜಾಗ ಬದಲಿಸುತ್ತವೆ. ಪಕ್ಕದ ಎರಡೂ ಜಾಗಗಳಲ್ಲಿ ಬೇರೆ ಗುಂಪುಗಳು ಕೂತಿದ್ದರೆ ಅಲೈಲ್ ಅಲ್ಲಿ ನೆಲೆ ನಿಲ್ಲಲಾರದು. ಆಗ ಅದೇ ಬಗೆಯ ಇನ್ನೊಂದು ಹೆಜ್ಜೆ ಇಟ್ಟು ಉಂಗುರದ ಎದುರು ತುದಿಗೆ, ಅಂದರೆ ಪ್ಯಾರಾ ಸ್ಥಾನಕ್ಕೆ ಹೋಗುತ್ತದೆ. ಎರಡು ಸಲ ತಿರುಗಿದ್ದರಿಂದ ಗುರುತಿನ ಇಂಗಾಲ ಮೊದಲು ಆಮ್ಲಜನಕಕ್ಕಿದ್ದಷ್ಟೇ ಹತ್ತಿರ ಈಗ ಉಂಗುರಕ್ಕಿರುತ್ತದೆ. ಊಹೆ ಎಲ್ಲಿಯೂ ಜಾರದಂತೆ ಎರಡು ಫಲಿತಾಂಶಗಳು ಒಂದನ್ನೊಂದು ಹಿಡಿದು ನಿಲ್ಲಿಸಿದ ಈ ಅಧ್ಯಾಯ ಸಾವಯವ ರಸಾಯನದ ಅತ್ಯಂತ ಸುಂದರ ತರ್ಕಗಳಲ್ಲೊಂದು.

1965ರಲ್ಲಿ ವುಡ್‌ವರ್ಡ್ ಮತ್ತು ಹಾಫ್‌ಮನ್ ಕಕ್ಷಕ ಸಮ್ಮಿತಿಯ ನಿಯಮಗಳನ್ನು ಮುಂದಿಟ್ಟಾಗ ಇಂಥ ಕ್ರಿಯೆಗಳಿಗೆ '3,3-ಸಿಗ್ಮಾಟ್ರೋಪಿಕ್' ಎಂಬ ಹೆಸರೂ, ಶಾಖಮಾತ್ರದಿಂದ ನಡೆಯುವುದಕ್ಕೆ ಕಾರಣವೂ ಸಿಕ್ಕಿತು. ಆರು ಪರಮಾಣುಗಳ ಆ ಕ್ಷಣಿಕ ಉಂಗುರ ಸಾಮಾನ್ಯವಾಗಿ ಕುರ್ಚಿಯ ಆಕಾರದಲ್ಲೇ ಇರುತ್ತದೆ ಎಂಬುದನ್ನು ಜ್ಯೂರಿಕ್‌ನ ಹಾನ್ಸ್ ಶ್ಮಿಡ್ ಅವರ ತಂಡ 1968ರಲ್ಲಿ ತೋರಿಸಿತು. ಆಕಾರ ಹೀಗೆ ನಿಶ್ಚಿತವಾಗಿರುವುದರಿಂದ ದ್ವಿಬಂಧದ ಸುತ್ತ ಗುಂಪುಗಳು ಹೇಗೆ ಕೂತಿವೆ, ಹೊರಡುವ ಅಣು ಎಡಗೈಯದೋ ಬಲಗೈಯದೋ ಎಂಬುದು ಗೊತ್ತಿದ್ದರೆ, ಹುಟ್ಟುವ ಅಣುವಿನ ಎಡ–ಬಲ ವಿನ್ಯಾಸವನ್ನು ಮೊದಲೇ ಹೇಳಬಹುದು. ಔಷಧ ತಯಾರಿಸುವವರಿಗೆ ಈ ಖಾತ್ರಿ ಬಹಳ ದೊಡ್ಡದು, ಯಾಕೆಂದರೆ ಎಡಗೈ ಅಣು ಮದ್ದಾಗಿ ಬಲಗೈ ಅಣು ನಿಷ್ಪ್ರಯೋಜಕವಾಗುವ ಉದಾಹರಣೆಗಳು ಬೇಕಾದಷ್ಟಿವೆ.

ಫ್ಲಾಸ್ಕ್‌ನೊಳಗೆ ಇದು ಹೇಗೆ ಕಾಣುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಫೀನಾಲ್, ಅಲೈಲ್ ಬ್ರೋಮೈಡ್, ಪೊಟ್ಯಾಸಿಯಂ ಕಾರ್ಬೊನೇಟ್ ಮೂರನ್ನೂ ಅಸಿಟೋನ್‌ನಲ್ಲಿ ಹಾಕಿ ರಿಫ್ಲಕ್ಸ್ ಮಾಡಿದರೆ ಅಲೈಲ್ ಫಿನೈಲ್ ಈಥರ್ ಬರುತ್ತದೆ. ಅದನ್ನು ಶುದ್ಧಮಾಡಿ, ದ್ರಾವಕವಿಲ್ಲದೆಯೇ, ನೈಟ್ರೋಜನ್ ಹರಿಸುತ್ತಾ ಕಂಡೆನ್ಸರ್ ಕೆಳಗೆ ಕುದಿಸಬಹುದು. ಈಥರ್ ಕುದಿಯುವುದು ಸುಮಾರು 192 ಡಿಗ್ರಿಯಲ್ಲಿ. ಅದರಿಂದ ಹುಟ್ಟುವ 2-ಅಲೈಲ್‌ಫೀನಾಲ್ ಕುದಿಯುವುದು ಸುಮಾರು 220ರಲ್ಲಿ. ಹಾಗಾಗಿ ಕ್ರಿಯೆ ಮುಂದುವರಿದಂತೆ ದ್ರವದಲ್ಲಿ ಮುಳುಗಿಸಿದ ಥರ್ಮಾಮೀಟರ್ ತಾನಾಗಿ ಮೇಲೇರುತ್ತಾ ಹೋಗಿ 220ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಪಾದರಸ ನಿಂತಿತೆಂದರೆ ಕೆಲಸ ಮುಗಿಯಿತು. ತಣಿದ ದ್ರವವನ್ನು ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದ ಜೊತೆ ಕುಲುಕಿದರೆ ಆಮ್ಲೀಯ ಗುಣದ ಫೀನಾಲ್ ನೀರಿನ ಪದರಕ್ಕೆ ಇಳಿಯುತ್ತದೆ, ಮಿಕ್ಕುಳಿದ ಈಥರ್ ಇಳಿಯುವುದಿಲ್ಲ.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಈಗಿನ ಲ್ಯಾಬ್‌ಗಳಲ್ಲಿ ಕ್ರಿಯೆ ನಡೆಯಿತೇ ಎಂದು ನೋಡಲು ಮೊದಲು ಓಡುವುದು ಮಾಸ್ ಸ್ಪೆಕ್ಟ್ರೋಮೀಟರ್ ಹತ್ತಿರ. ಆದರೆ ಮರುಜೋಡಣೆಯಲ್ಲಿ ಅಣುತೂಕ ಬದಲಾಗುವುದೇ ಇಲ್ಲ: ಈಥರ್‌ಗೂ 134, ಫೀನಾಲ್‌ಗೂ 134. ತೂಕವನ್ನಷ್ಟೇ ನಂಬಿದವರಿಗೆ ಏನೂ ನಡೆದಿಲ್ಲವೆಂದೇ ಕಾಣುತ್ತದೆ. ಪದಾರ್ಥಗಳನ್ನು ಬೇರ್ಪಡಿಸಿ ತೋರಿಸುವ ಟಿಎಲ್‌ಸಿ ಪ್ಲೇಟಿನಲ್ಲಿ ಈಥರ್‌ನ ಚುಕ್ಕೆ ಮೇಲಕ್ಕೂ ಫೀನಾಲ್‌ನದು ಅದಕ್ಕಿಂತ ಕೆಳಕ್ಕೂ ನಿಲ್ಲುವುದರಿಂದ ಅಲ್ಲಿ ಸತ್ಯ ಹೊರಬೀಳುತ್ತದೆ. ಅಣುವಿನೊಳಗೆ ಜಲಜನಕಗಳ ನೆಲೆ ತೋರಿಸುವ ಎನ್‌ಎಂಆರ್ ಇನ್ನೂ ಸ್ಪಷ್ಟ: ಆಮ್ಲಜನಕದ ಪಕ್ಕದ ಎರಡು ಜಲಜನಕಗಳು 4.5 ಪಿಪಿಎಂ ಹತ್ತಿರ ಕೊಡುತ್ತಿದ್ದ ಸಂಕೇತ ಕರಗಿ, ಉಂಗುರಕ್ಕೆ ಹತ್ತಿಕೊಂಡ ಇಂಗಾಲದ ಮೇಲಿನ ಜಲಜನಕಗಳ ಸಂಕೇತ 3.4ರ ಬಳಿ ಮೂಡುತ್ತದೆ.

2-ಅಲೈಲ್‌ಫೀನಾಲ್ ಪಾಠದ ಉದಾಹರಣೆಯಷ್ಟೇ ಅಲ್ಲ. ಹೃದಯದ ಮದ್ದುಗಳಾದ ಬೀಟಾ-ಬ್ಲಾಕರ್‌ಗಳಲ್ಲಿ ಆಲ್ಪ್ರೆನೊಲಾಲ್ ಇದರ ಮೇಲೆಯೇ ಕಟ್ಟಿದ ಅಣು. ಬಿಸ್ಫೀನಾಲ್-ಎಯ ಎರಡೂ ತುದಿಗೆ ಅಲೈಲ್ ಈಥರ್ ಮಾಡಿ ಕಾಯಿಸಿದರೆ ಸಿಗುವ ಡೈಅಲೈಲ್ ಬಿಸ್ಫೀನಾಲ್, ಬಿಸ್‌ಮಲಿಮೈಡ್ ರಾಳಗಳ ಪೆಡಸುತನ ತಗ್ಗಿಸಲು ಬಳಕೆಯಾಗುತ್ತದೆ. ಹೆಚ್ಚಿನ ಶಾಖ ತಡೆಯಬೇಕಾದ ವಿಮಾನದ ಕಾಂಪೋಸಿಟ್ ಭಾಗಗಳಲ್ಲೂ ಸರ್ಕ್ಯೂಟ್ ಬೋರ್ಡ್‌ಗಳಲ್ಲೂ ಈ ರಾಳಗಳಿವೆ. ವಿಮಾನವನ್ನೂ ಎಲೆಕ್ಟ್ರಾನಿಕ್ಸನ್ನೂ ಬದುಕಾಗಿಸಿಕೊಂಡ ಊರಿಗೆ ಇದು ದೂರದ ಸಂಗತಿಯಲ್ಲ.

ಬೆಂಜೀನ್ ಉಂಗುರವೇ ಇರಬೇಕೆಂದಿಲ್ಲ. ಆಮ್ಲಜನಕದ ಒಂದು ಕಡೆ ಅಲೈಲ್, ಇನ್ನೊಂದು ಕಡೆ ವಿನೈಲ್ (ದ್ವಿಬಂಧದಿಂದ ಕೂಡಿದ ಎರಡು ಇಂಗಾಲಗಳು) ಇದ್ದರೂ ಸಾಕು. ಆಗ ಸಿಗುವುದು ಆಲ್ಡಿಹೈಡ್ ಅಥವಾ ಕೀಟೋನ್. ಉದ್ಯಮ ಕೈಹಿಡಿದದ್ದು ಹೆಚ್ಚಾಗಿ ಈ ರೂಪವನ್ನೇ. ಸ್ವಿಟ್ಜರ್ಲೆಂಡಿನ ಹಾಫ್‌ಮನ್-ಲಾ ರೋಶ್ ಕಂಪನಿಯಲ್ಲಿ ಸೌಸಿ ಮತ್ತು ಮಾರ್ಬೆ 1967ರಲ್ಲಿ ವಿವರಿಸಿದ ದಾರಿಯಲ್ಲಿ ಐಸೊಪ್ರೊಪೆನೈಲ್ ಮೀಥೈಲ್ ಈಥರ್ ಬಳಸಿ ಮೀಥೈಲ್‌ಹೆಪ್ಟೆನೋನ್ ಪಡೆಯುತ್ತಾರೆ. ಅಲ್ಲಿಂದ ಒಂದು ಕವಲು ಲಿನಲೂಲ್ ಎಂಬ ಸುಗಂಧಕ್ಕೂ ಇನ್ನೊಂದು ವಿಟಮಿನ್ ಎ ಮತ್ತು ಇಗೂ ಹೋಗುತ್ತದೆ. ಜರ್ಮನಿಯ ಬಿಎಎಸ್‌ಎಫ್ ಸಿಟ್ರಾಲ್ ತಯಾರಿಸುವ ವಿಧಾನದಲ್ಲಿ ಒಂದು ಕ್ಲೈಸನ್, ಅದರ ಬೆನ್ನಿಗೇ ಅದರ ಸೋದರ ಕ್ರಿಯೆಯಾದ ಕೋಪ್ ಮರುಜೋಡಣೆ ನಡೆಯುತ್ತವೆ. ಸಿಟ್ರಾಲ್ ಎಂದರೆ ಮಜ್ಜಿಗೆ ಹುಲ್ಲಿನ ಎಣ್ಣೆಯ ಮುಖ್ಯ ಘಟಕ, ನಿಂಬೆಯ ಘಮ. ಒಂದು ಕಾಲಕ್ಕೆ ವಿಟಮಿನ್ ಎಗೂ ನೇರಳೆ ಹೂವಿನ ಪರಿಮಳದ ಅಯನೋನ್‌ಗೂ ಹುಲ್ಲಿನ ಎಣ್ಣೆಯೇ ಮೂಲವಾಗಿತ್ತು. ಇಂದು ಅಗರಬತ್ತಿಯಲ್ಲೂ ಬಟ್ಟೆ ತೊಳೆಯುವ ಪುಡಿಯಲ್ಲೂ ಮೂಗಿಗೆ ಬಡಿಯುವ ನಿಂಬೆ–ಹೂವಿನ ವಾಸನೆಗಳ ದೊಡ್ಡ ಭಾಗ ಪೆಟ್ರೋಲಿಯಂ ಮೂಲದಿಂದ, ಇಂಥ ಈಥರುಗಳ ಮೂಲಕ ಬಂದದ್ದು.

200 ಡಿಗ್ರಿಯ ಶಾಖವನ್ನು ಎಲ್ಲ ಅಣುಗಳೂ ತಡೆಯುವುದಿಲ್ಲ. ಈ ತೊಡಕನ್ನು ಬಿಡಿಸಲು ಹಲವು ರೂಪಾಂತರಗಳು ಹುಟ್ಟಿದವು. ಎಶೆನ್‌ಮೋಸರ್ (1964) ಅಮೈಡ್ ಅಸಿಟಾಲನ್ನೂ, ಜಾನ್ಸನ್ (1970) ಆರ್ಥೊಎಸ್ಟರನ್ನೂ ಬಳಸಿ, ಕೈಗೆ ಸಿಗುವ ಅಲೈಲ್ ಆಲ್ಕೊಹಾಲಿನಿಂದ ಬೇಕಾದ ಈಥರನ್ನು ಪಾತ್ರೆಯೊಳಗೇ ಹುಟ್ಟಿಸಿ ಅಲ್ಲಿಯೇ ಮರುಜೋಡಿಸಿದರು. 1972ರ ಐರ್ಲೆಂಡ್ ವಿಧಾನ ಇನ್ನೂ ಮುಂದೆ ಹೋಯಿತು: ಅಲೈಲ್ ಎಸ್ಟರಿಗೆ ಮೈನಸ್ 78 ಡಿಗ್ರಿಯಲ್ಲಿ ಲಿಥಿಯಂ ಕ್ಷಾರ ಹಾಕಿ, ಸಿಲೈಲ್ ಗುಂಪಿನಿಂದ ಬಂಧಿಸಿ ಬಿಟ್ಟರೆ ಮಿಶ್ರಣ ಕೋಣೆಯ ಶಾಖಕ್ಕೆ ಬರುವಷ್ಟರಲ್ಲಿ, ಇಲ್ಲವೇ ಸ್ವಲ್ಪ ಬೆಚ್ಚಗೆ ಮಾಡಿದರೆ, ಮರುಜೋಡಣೆ ಮುಗಿದಿರುತ್ತದೆ. ನನ್ನ ತಿಳಿವಿನಲ್ಲಿ ಕ್ಲೈಸನ್ ಕ್ರಿಯೆಯನ್ನು ಪಠ್ಯದ ಕುತೂಹಲದಿಂದ ಸಂಶ್ಲೇಷಣೆಯ ಮುಖ್ಯ ಹತಾರವಾಗಿ ಬದಲಿಸಿದ್ದು ಈ ಎಂಟು ವರ್ಷಗಳೇ.

ಈ ಹತಾರವನ್ನು ನಮ್ಮಲ್ಲಿ ಅತ್ಯಂತ ನಿಷ್ಠೆಯಿಂದ ದುಡಿಸಿಕೊಂಡವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ. ಶ್ರೀಕೃಷ್ಣ. ಟರ್ಪೀನ್ ವರ್ಗದ ನಿಸರ್ಗಜನ್ಯ ಅಣುಗಳನ್ನು ಕಟ್ಟುವುದು ಅವರ ಕ್ಷೇತ್ರವಾಗಿತ್ತು. ನಾಲ್ಕೂ ಕಡೆ ಇಂಗಾಲವನ್ನೇ ಕಟ್ಟಿಕೊಂಡ ಇಂಗಾಲಗಳು ಒಂದರ ಪಕ್ಕ ಒಂದು ಬರುವ ಅಣುಗಳಲ್ಲಿ ಉಸಿರಾಡಲೂ ಜಾಗವಿರುವುದಿಲ್ಲ. ಹೊರಗಿನಿಂದ ಬರುವ ಕಾರಕ ಅಲ್ಲಿಗೆ ನುಗ್ಗಲಾರದು. ಕ್ಲೈಸನ್ ಮರುಜೋಡಣೆಯಲ್ಲಿ ಹೊಸ ಇಂಗಾಲ ಹೊರಗಿನಿಂದ ಬರುವುದಿಲ್ಲ, ಆಮ್ಲಜನಕದ ಹಗ್ಗ ಹಿಡಿದು ಒಳಗೇ ಇರುತ್ತದೆ. ಇಂಥ ಮೂರು ಇಂಗಾಲಗಳು ಸಾಲಾಗಿರುವ ಥಾಪ್ಸೇನ್ ಎಂಬ ಅಣುಕುಟುಂಬವನ್ನು ಅವರ ಗುಂಪು ಸೈಕ್ಲೊಜೆರಾನಿಯಾಲ್‌ನಿಂದ ಹೊರಟು ಈ ದಾರಿಯಲ್ಲಿ ಕಟ್ಟಿತು. 1992ರಲ್ಲಿ ಶ್ರೀಕೃಷ್ಣ ಮತ್ತು ನಾಗರಾಜು ಪ್ರಕಟಿಸಿದ ಕೆಲಸ ಇನ್ನೊಂದು ಬಗೆಯದು: ಮೈಕ್ರೋವೇವ್‌ನಲ್ಲಿ ಕಾಯಿಸಿ, ಗಂಟೆಗಟ್ಟಲೆ ಹಿಡಿಯುತ್ತಿದ್ದ ಆರ್ಥೊಎಸ್ಟರ್ ಕ್ಲೈಸನ್ ಕ್ರಿಯೆಯನ್ನು ಅವರು ನಿಮಿಷಗಳಿಗೆ ಇಳಿಸಿದರು.

ಜೀವಕೋಶಕ್ಕೆ ಈ ಯಾವ ಉಪಾಯವೂ ಬೇಕಿಲ್ಲ. ರಾಗಿ, ಜೋಳ ಮೊದಲಾದ ಸಸ್ಯಗಳು, ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಫಿನೈಲ್‌ಅಲನಿನ್ ಮತ್ತು ಟೈರೊಸಿನ್ ತಯಾರಿಸುವ ದಾರಿಯಲ್ಲಿ ಕೊರಿಸ್ಮೇಟ್ ಎಂಬ ಈಥರ್ ಪ್ರಿಫೀನೇಟ್ ಆಗಿ ಬದಲಾಗುತ್ತದೆ. ಇದು ಅಪ್ಪಟ ಕ್ಲೈಸನ್ ಮರುಜೋಡಣೆ. ಕೊರಿಸ್ಮೇಟ್ ಮ್ಯೂಟೇಸ್ ಕಿಣ್ವ ಅಣುವನ್ನು ಕುರ್ಚಿಯ ಆಕಾರದಲ್ಲಿ ಹಿಡಿದು ಕೂರಿಸಿ ವೇಗವನ್ನು ಸುಮಾರು ಹತ್ತು ಲಕ್ಷ ಪಟ್ಟು ಹೆಚ್ಚಿಸುತ್ತದೆ. ಮನುಷ್ಯರ ದೇಹದಲ್ಲಿ ಈ ದಾರಿಯೇ ಇಲ್ಲ, ಆದ್ದರಿಂದ ಫಿನೈಲ್‌ಅಲನಿನ್ ನಮಗೆ ಊಟದಿಂದಲೇ ಬರಬೇಕು.

ಶಾಖದ ಬದಲು ಪ್ರಬಲ ಕ್ಷಾರದಿಂದ ನಡೆಯುವುದು ವಿಟ್ಟಿಗ್ ಮರುಜೋಡಣೆ. 1942ರಲ್ಲಿ ವಿಟ್ಟಿಗ್ ಮತ್ತು ಲೋಮನ್, ಬೆಂಜೈಲ್ ಮೀಥೈಲ್ ಈಥರ್‌ಗೆ ಫಿನೈಲ್‌ಲಿಥಿಯಂ ಸೇರಿಸಿದಾಗ ಮೀಥೈಲ್ ಗುಂಪು ಆಮ್ಲಜನಕದಿಂದ ಪಕ್ಕದ ಇಂಗಾಲಕ್ಕೆ ಜಿಗಿದು ಆಲ್ಕೊಹಾಲ್ ಆಗುವುದನ್ನು ವರದಿ ಮಾಡಿದರು. ಇಲ್ಲಿ ಗುಂಪು ನಿಜಕ್ಕೂ ಕ್ಷಣಕಾಲ ಕಳಚಿಕೊಳ್ಳುತ್ತದೆ. ಅಲೈಲ್ ಈಥರ್ ಆದರೆ ಐದು ಪರಮಾಣುಗಳ ಉಂಗುರದ ಮೂಲಕ ಒಂದೇ ಹೆಜ್ಜೆಯಲ್ಲಿ ಮುಗಿಯುತ್ತದೆ, ಅದಕ್ಕೇ ಅದು ಹೆಚ್ಚು ಉಪಯೋಗಿ. ವಿಟ್ಟಿಗ್‌ಗೆ 1979ರ ನೊಬೆಲ್ ತಂದುಕೊಟ್ಟದ್ದು ಇದಲ್ಲ, ಅವರ ಹೆಸರಿನ ಇನ್ನೊಂದು ಕ್ರಿಯೆ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಇವೆರಡನ್ನೂ ಬೆರೆಸುವುದುಂಟು.

ಇನ್ನು ಶ್ರೀಗಂಧದ ವಿಷಯ. ಎಪಾಕ್ಸೈಡ್ ಎಂದರೆ ಎರಡು ಇಂಗಾಲ, ಒಂದು ಆಮ್ಲಜನಕ ಸೇರಿದ ತ್ರಿಕೋನ ಉಂಗುರದ ಈಥರ್. ಅದರ ಬಿಗಿತವೇ ಅದರ ಚಟುವಟಿಕೆಗೆ ಮೂಲ. ಎಲೆಕ್ಟ್ರಾನ್ ಜೋಡಿಯನ್ನು ಸೆಳೆಯುವ ಲೂಯಿಸ್ ಆಮ್ಲವೊಂದು ಆಮ್ಲಜನಕವನ್ನು ಹಿಡಿದೆಳೆದರೆ ಉಂಗುರ ತೆರೆದುಕೊಂಡು ಇಂಗಾಲವೊಂದು ಧನಾವೇಶಕ್ಕೆ ಬರುತ್ತದೆ. ಪಕ್ಕದ ಬಂಧ ಸರಿದು ಆ ಕೊರತೆ ತುಂಬುತ್ತದೆ. ಕೊನೆಗೆ ಆಲ್ಡಿಹೈಡ್ ಅಥವಾ ಕೀಟೋನ್ ಉಳಿಯುತ್ತದೆ. ಪೈನ್ ಮರದ ಟರ್ಪೆಂಟೈನ್‌ನಲ್ಲಿರುವ ಆಲ್ಫಾ-ಪೈನೀನನ್ನು ಎಪಾಕ್ಸೈಡ್ ಮಾಡಿ ಸತು ಬ್ರೋಮೈಡ್ ಅಥವಾ ಸತು ಕ್ಲೋರೈಡ್ ಜೊತೆ ಕಾಯಿಸಿದರೆ ಒಳಗಿದ್ದ ನಾಲ್ಕರ ಉಂಗುರ ಬಿಚ್ಚಿ, ಐದರ ಉಂಗುರವಿರುವ ಕ್ಯಾಂಫೊಲೆನಿಕ್ ಆಲ್ಡಿಹೈಡ್ ಆಗುತ್ತದೆ. ಅರ್ಬುಝೋವ್ 1935ರಲ್ಲಿ ತೋರಿಸಿದ ಈ ಕ್ರಿಯೆಯ ಮೇಲೆ ಸಂಶ್ಲೇಷಿತ ಗಂಧದ ಒಂದು ಇಡೀ ವಂಶ ನಿಂತಿದೆ. ಈ ಆಲ್ಡಿಹೈಡನ್ನು ಮೀಥೈಲ್ ಈಥೈಲ್ ಕೀಟೋನ್ ಜೊತೆ ಕೂಡಿಸಿ ಜಲಜನಕೀಕರಿಸಿದರೆ ಸ್ಯಾಂಡಲೋರ್; ಬ್ಯುಟಿರಾಲ್ಡಿಹೈಡ್ ಜೊತೆ ಕೂಡಿಸಿ ಅಪಕರ್ಷಿಸಿದರೆ ಬ್ಯಾಕ್ಡನಾಲ್. ಬ್ರಹ್ಮನಾಲ್, ಪಾಲಿಸ್ಯಾಂಟಾಲ್, ಜಾವನಾಲ್ ಇದೇ ಬೇರಿನವು. ನಿಜವಾದ ಗಂಧದೆಣ್ಣೆಯಲ್ಲಿರುವ ಸ್ಯಾಂಟಲಾಲ್‌ಗಳ ರಚನೆ ಇವಕ್ಕಿಂತ ಬೇರೆ, ಆದರೂ ಮೂಗು ಇವನ್ನೂ ಗಂಧವೆಂದೇ ಗುರುತಿಸುತ್ತದೆ.

ಬೆಂಗಳೂರಿಗೂ ಈ ಪರಿಮಳದ ರಸಾಯನಕ್ಕೂ ನೂರು ವರ್ಷ ಮೀರಿದ ಸಂಬಂಧ. ಮೊದಲ ಮಹಾಯುದ್ಧದಿಂದ ಮೈಸೂರಿನ ಗಂಧದ ಕೊರಡುಗಳು ಯೂರೋಪಿಗೆ ಹೋಗದೆ ನಿಂತಾಗ, ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಹೆಸರಾದ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೊ ಮತ್ತು ವಾಟ್ಸನ್ ಎಣ್ಣೆಯನ್ನು ಇಲ್ಲಿಯೇ ಬಟ್ಟಿ ಇಳಿಸುವ ವಿಧಾನ ರೂಪಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಎಣ್ಣೆ ಕಾರ್ಖಾನೆ ಶುರುವಾಯಿತು. 1925ರಿಂದ 1928ರವರೆಗೆ ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಜೆ.ಎಲ್. ಸೈಮನ್‌ಸನ್ ಟರ್ಪೀನ್‌ಗಳ ಬಗ್ಗೆ ಲೋಕಮಾನ್ಯವಾದ ಗ್ರಂಥ ಬರೆದವರು. ಇಂದು ಹಸಿರು ಮೆಟ್ರೋ ಮಾರ್ಗದಲ್ಲಿ ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಯಶವಂತಪುರ, ಪೀಣ್ಯ ನಿಲ್ದಾಣಗಳು ಒಂದೇ ದಾರಿಯಲ್ಲಿ ಬರುತ್ತವೆ. ಎಣ್ಣೆ ಇಳಿಸಲು ಕಲಿಸಿದ ಸಂಸ್ಥೆಯೂ ಯಶವಂತಪುರದ ಪಕ್ಕದಲ್ಲೇ ಇದೆ. ಗಂಧದ ಮರ ವಿರಳವಾಗಿ ಎಣ್ಣೆ ಬಲು ದುಬಾರಿಯಾದ ಮೇಲೆ, ಕಡಿಮೆ ಬೆಲೆಯ ಅಗರಬತ್ತಿ, ಸಾಬೂನುಗಳಲ್ಲಿ ಗಂಧದ ಘಮ ಉಳಿದಿರುವುದರಲ್ಲಿ ಎಪಾಕ್ಸೈಡ್ ಮರುಜೋಡಣೆಗೂ ಪಾಲಿದೆ. ಕಾಡಿನಲ್ಲಿ ಉಳಿದ ಮರಗಳ ಮೇಲೆ ಬೀಳುತ್ತಿದ್ದ ಕೊಡಲಿಯ ಒತ್ತಡವನ್ನು ಅದು ಅಷ್ಟರಮಟ್ಟಿಗೆ ಹಂಚಿಕೊಂಡಿದೆ; ನಕಲಿ ಎಂದು ಮೂಗು ಮುರಿಯುವ ಮೊದಲು ಇದನ್ನು ನೆನೆಯಬೇಕು.

ಬೊಮ್ಮಸಂದ್ರ–ಜಿಗಣಿ ಪಟ್ಟಿಯ ಕಥೆ ಬೇರೆ. 1978ರಲ್ಲಿ ಆರಂಭವಾದ ಬಯೋಕಾನ್, ಅದರಿಂದ ಹುಟ್ಟಿದ ಸಿಂಜೀನ್, 2006ರ ಆಂಥೆಮ್ ಬಯೋಸೈನ್ಸಸ್, ಎಲೆಕ್ಟ್ರಾನಿಕ್ ಸಿಟಿಯ ಆರಿಜೀನ್ ಮೊದಲಾದ ಸಂಸ್ಥೆಗಳಿಂದ ಇಲ್ಲಿ ಹೊರದೇಶದ ಔಷಧ ಕಂಪನಿಗಳಿಗಾಗಿ ಅಣು ಕಟ್ಟುವ ಕಸುಬು ಬೆಳೆಯಿತು. ಅಂಥ ಕೆಲಸದಲ್ಲಿ ಗ್ರಾಂ ಲೆಕ್ಕದ ಫ್ಲಾಸ್ಕ್‌ನಿಂದ ಸಾವಿರಾರು ಲೀಟರಿನ ರಿಯಾಕ್ಟರಿಗೆ ಹೋಗುವಾಗ ಮರುಜೋಡಣೆ ಕ್ರಿಯೆಗಳು ಎಚ್ಚರ ಬೇಡುತ್ತವೆ. ಕ್ಲೈಸನ್ ಕ್ರಿಯೆ ಶಾಖ ಬಿಡುವಂಥದ್ದು. ಚಿಕ್ಕ ಫ್ಲಾಸ್ಕ್ ಆ ಶಾಖವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ದೊಡ್ಡ ರಿಯಾಕ್ಟರಿಗೆ ಗಾತ್ರಕ್ಕೆ ತಕ್ಕಷ್ಟು ಗೋಡೆಯಿಲ್ಲ. ಶಾಖ ಒಳಗೇ ಉಳಿದು ಕ್ರಿಯೆಯ ವೇಗ ಹೆಚ್ಚಿಸಿ, ವೇಗ ಮತ್ತೆ ಶಾಖ ಹೆಚ್ಚಿಸಿ ಕೈಮೀರಬಹುದು. ಅದಕ್ಕೇ ಕ್ಯಾಲೊರಿಮೀಟರ್‌ನಲ್ಲಿ ಮೊದಲು ಅಳೆದು, ಆಮೇಲಷ್ಟೇ ಬ್ಯಾಚ್ ಹಾಕುತ್ತಾರೆ. ಇಲ್ಲವೇ ಒತ್ತಡದಲ್ಲಿರುವ ಕಿರಿದಾದ ಬಿಸಿ ಕೊಳವೆಯೊಳಗೆ ಈಥರನ್ನು ನಿರಂತರವಾಗಿ ಹರಿಸಿ, ಯಾವ ಹೊತ್ತಿನಲ್ಲೂ ಸ್ವಲ್ಪವೇ ದ್ರವ ಬಿಸಿಯಾಗಿರುವಂತೆ ನೋಡಿಕೊಳ್ಳುತ್ತಾರೆ.

ಎಪಾಕ್ಸೈಡ್ ಕ್ರಿಯೆಯ ತೊಂದರೆ ಶಾಖಕ್ಕಿಂತ ಹೆಚ್ಚಾಗಿ ಕಸದ್ದು. ಆಲ್ಫಾ-ಪೈನೀನ್ ಎಪಾಕ್ಸೈಡ್ ಆಮ್ಲದ ಸಂಪರ್ಕಕ್ಕೆ ಬಂದರೆ ಕಾರ್ವಿಯಾಲ್, ಸೊಬ್ರೆರಾಲ್, ಪೈನೊಕ್ಯಾಂಫೋನ್ ಎಂದು ಹತ್ತಾರು ಕಡೆ ಕವಲೊಡೆಯುತ್ತದೆ, ನೀರಿನ ಅಂಶವಿದ್ದರಂತೂ ಇನ್ನೂ ಹೆಚ್ಚು. ಬೇಕಾದ ಆಲ್ಡಿಹೈಡ್ ಪಡೆದ ಮೇಲೆ ಸತುವಿನ ಲವಣ ತೊಳೆದ ನೀರಿನಲ್ಲಿ ಹೊರಬೀಳುತ್ತದೆ. ಪೀಣ್ಯದ ಅಂತರ್ಜಲಕ್ಕೆ ಲೋಹಲೇಪನ ಘಟಕಗಳಿಂದ ಕ್ರೋಮಿಯಂ ಸೇರಿದ ಪಾಡು ಗೊತ್ತಿರುವ ಊರಿನಲ್ಲಿ ಲೋಹ ಬೆರೆತ ತೊಳೆನೀರು ಸಣ್ಣ ಮಾತಲ್ಲ. ಸತು ಲವಣದ ಬದಲು ಜಿಯೊಲೈಟ್ ಮೊದಲಾದ ಘನ ಆಮ್ಲಗಳನ್ನು ಬಳಸುವ ಸಂಶೋಧನೆ 1990ರ ದಶಕದಿಂದ ನಡೆದಿದೆ. ಟೈಟಾನಿಯಂ ಸೇರಿಸಿದ ಜಿಯೊಲೈಟ್‌ಗಳು ಒಳ್ಳೆಯ ಇಳುವರಿ ಕೊಟ್ಟಿವೆ. ಘನ ವೇಗವರ್ಧಕವನ್ನು ಸೋಸಿ ತೆಗೆದು, ಅದರ ಮೇಲೆ ಕಟ್ಟಿಕೊಂಡ ಕರಿಯನ್ನು ಗಾಳಿಯಲ್ಲಿ ಸುಟ್ಟು, ಮುಂದಿನ ಬ್ಯಾಚಿಗೆ ಮತ್ತೆ ಹಾಕಬಹುದು.